ಆ ನಡುಕ ನರಕೋಶದ್ದೋ, ಕಂಪ್ಯೂಟರಿನದ್ದೋ?

ಇವತ್ತು ನಮ್ಮನ್ನು ಎರಡು ವಾರ ದಾರಿ ತಪ್ಪಿಸಿದ ಒಂದೇ ಒಂದು ಸಾಲು ಕೋಡ್ ಬಗ್ಗೆ ಮಾತಾಡೋಣ.

ಜರ್ಮನಿಯ ನಮ್ಮ ಲ್ಯಾಬಿನಲ್ಲಿ ನಾವು ಇಲಿಯ ಮಿದುಳಿನ ತೆಳು ಹೋಳುಗಳಲ್ಲಿ ಒಂದೊಂದೇ ನರಕೋಶವನ್ನು ಅಧ್ಯಯನ ಮಾಡುತ್ತೇವೆ. ವಿಧಾನದ ಹೆಸರು ಡೈನಮಿಕ್ ಕ್ಲ್ಯಾಂಪ್. 1990ರ ದಶಕದಿಂದ ಬಳಕೆಯಲ್ಲಿದೆ. ಕಂಪ್ಯೂಟರ್ ಕೋಶದ ವೋಲ್ಟೇಜ್ ಓದುತ್ತೆ. ಇಲ್ಲಿ ಇನ್ನಷ್ಟು ಪೊಟ್ಯಾಸಿಯಂ ಚಾನೆಲ್‌ಗಳಿದ್ದಿದ್ದರೆ ಎಷ್ಟು ಕರೆಂಟ್ ಹರಿಯುತ್ತಿತ್ತು ಅಂತ ಲೆಕ್ಕ ಹಾಕಿ, ಅಷ್ಟನ್ನು ಕೋಶಕ್ಕೆ ಕೊಡುತ್ತೆ. ನಮ್ಮಲ್ಲಿ ಇದು ಸೆಕೆಂಡಿಗೆ 20,000 ಸಲ, ಅಂದರೆ 50 ಮೈಕ್ರೋಸೆಕೆಂಡಿಗೊಮ್ಮೆ ನಡೆಯುತ್ತೆ. ಒಂದು ಸ್ಪೈಕ್ ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತೆ. ಹಾಗಾಗಿ ಇಲ್ಲಿ ತಡವಾದ ಉತ್ತರ ಅಂದರೆ ತಪ್ಪು ಉತ್ತರವೇ.

ಕೆಲವು ಕೋಶಗಳು ಸ್ಪೈಕ್ ಆದ ಮೇಲೆ ಸಣ್ಣಗೆ ನಡುಗತೊಡಗಿದವು. ಹೊಸದೇನೋ ಸಿಕ್ಕಿತು ಅಂತ ನಮಗೆ ಖುಷಿ! ಲೂಪಿನ ಸರಾಸರಿ ವೇಳೆ ನೋಡಿದೆವು, ಎಲ್ಲ ಸರಿಯಿತ್ತು.

ನಾವು ಬಳಸುವುದು ಕ್ಸೆನೊಮೈ. ಇದರಲ್ಲಿ ಲಿನಕ್ಸ್ ಜೊತೆಗೇ ಒಂದು ಪುಟ್ಟ ರಿಯಲ್‌ಟೈಮ್ ಕೋರ್ ಇರುತ್ತೆ. ನಮ್ಮ ಥ್ರೆಡ್ ಅದರ ಕೈಯಲ್ಲಿರುವಷ್ಟು ಹೊತ್ತು, ಅದು ಪ್ರೈಮರಿ ಮೋಡ್, ಎಲ್ಲ ವೇಳೆಗೆ ಸರಿಯಾಗಿ ಆಗುತ್ತೆ. ಆದರೆ ಲಿನಕ್ಸ್ ಮಾತ್ರ ಮಾಡಬಲ್ಲ ಕೆಲಸವನ್ನು ಥ್ರೆಡ್ ಕೇಳಿದರೆ, ಸದ್ದಿಲ್ಲದೆ ಲಿನಕ್ಸ್ ಕೈಗೆ, ಅಂದರೆ ಸೆಕೆಂಡರಿ ಮೋಡ್‌ಗೆ ಹೋಗಿಬಿಡುತ್ತೆ. ಅಲ್ಲಿ ಉಳಿದವರ ಜೊತೆ ಸರತಿ ಕಾಯಬೇಕು. ಆ ಹೊತ್ತಿನಲ್ಲಿ ಕೋಶಕ್ಕೆ ಹಳೆಯ ಕರೆಂಟೇ ಹೋಗ್ತಾ ಇರುತ್ತೆ.

ಪತ್ತೆ ಹಚ್ಚುವುದು ಹೇಗೆ? ಮೊದಲು ಕ್ಸೆನೊಮೈ ಕೊಡುವ ಥ್ರೆಡ್ ಅಂಕಿಅಂಶಗಳಲ್ಲಿ ‘ಎಂಎಸ್‌ಡಬ್ಲ್ಯೂ’ ಅನ್ನುವ ಕಾಲಂ ನೋಡಬೇಕು. ಅದು ಮೋಡ್ ಬದಲಾವಣೆಗಳ ಎಣಿಕೆ. ಶುರುವಿನಲ್ಲಿ ಒಂದೆರಡು ಇದ್ದರೆ ಚಿಂತೆಯಿಲ್ಲ. ಲೂಪ್ ಓಡುವಾಗ ಏರುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ. ನಮ್ಮದು ಏರುತ್ತಿತ್ತು, ಅದೂ ಕೋಶ ಸ್ಪೈಕ್ ಮಾಡಿದಾಗ ಮಾತ್ರ!

ಎರಡನೆಯದು, ಥ್ರೆಡ್‌ಗೆ ಎಚ್ಚರಿಕೆಯ ಬಿಟ್ ಹಾಕಬಹುದು. ಆಗ ಪ್ರತಿ ಅನಗತ್ಯ ಬದಲಾವಣೆಗೂ ‘ಸಿಗ್‌ಡಿಬಗ್’ ಸಿಗ್ನಲ್ ಬರುತ್ತೆ. ಕಾರಣ ಸಿಸ್ಟಂ ಕಾಲೋ, ಪೇಜ್ ಫಾಲ್ಟೋ ಅಂತಲೂ ಅದು ತಿಳಿಸುತ್ತೆ. ಆ ಕ್ಷಣದಲ್ಲಿ ಬ್ಯಾಕ್‌ಟ್ರೇಸ್ ತೆಗೆದರೆ ತಪ್ಪಿನ ಜಾಗ ಸಿಕ್ಕಿಬಿಡುತ್ತೆ.

ನಮಗೆ ಸಿಕ್ಕಿದ್ದು ‘ಸ್ಪೈಕ್ ಬಂತು’ ಅಂತ ಪರದೆಗೆ ಬರೆಯುವ ಸಾಲು. ಡಿಬಗ್ ಮಾಡಲು ನಾವೇ ಹಾಕಿ ಮರೆತದ್ದು. ಸಾವಿರಾರು ಸುತ್ತುಗಳಿಗೊಮ್ಮೆ ಓಡುತ್ತಿದ್ದರಿಂದ ಸರಾಸರಿಯಲ್ಲಿ ಕಾಣಲಿಲ್ಲ. ಕೋಶದ ಜೊತೆಗೇ ಓಡುತ್ತಿದ್ದರಿಂದ ಜೀವಶಾಸ್ತ್ರದ ಹಾಗೆ ಕಂಡಿತು.

ಈಗ ಬರೆಯುವ ಕೆಲಸ ಬೇರೆ ಥ್ರೆಡ್ ಮಾಡುತ್ತೆ. ಮೆಮೊರಿಯನ್ನೆಲ್ಲ ಮೊದಲೇ ಪಡೆದು ಲಾಕ್ ಮಾಡುತ್ತೇವೆ. ನಡುಕ ಮಾಯವಾಯಿತು, ಜೊತೆಗೆ ನಮ್ಮ ‘ಸಂಶೋಧನೆ’ಯೂ! ಆ ಎರಡು ವಾರಗಳ ರೆಕಾರ್ಡಿಂಗ್‌ಗಳನ್ನು ಬದಿಗಿಟ್ಟೆವು. ಅವುಗಳ ಹಿಂದಿದ್ದ ಇಲಿಗಳನ್ನು ನೆನೆದರೆ ಈಗಲೂ ಬೇಸರವಾಗುತ್ತೆ. ಹಾಗಾಗಿ ಪ್ರತಿ ರೆಕಾರ್ಡಿಂಗಿನ ಮೊದಲು ಮತ್ತು ಕೊನೆಗೆ ಆ ಎಣಿಕೆಯನ್ನೂ ದತ್ತಾಂಶದ ಜೊತೆ ಉಳಿಸುತ್ತೇವೆ. ಎರಡು ಸಂಖ್ಯೆ ಒಂದೇ ಆಗಿದ್ದರೆ ಮಾತ್ರ ಕೋಶದ ಮಾತು ನಂಬುತ್ತೇವೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.