ಬೆಳಗಾವಿಯ ಬಾವಿ, ಹುದಲಿಯ ರಾಟಿ

ಗೋಕಾಕ ತಾಲೂಕಿನ ಅಂಕಲಗಿಯಿಂದ ಬೆಳಗಾವಿಯ ಬಸ್ಸು ಹತ್ತುವವರಲ್ಲಿ ಕಚೇರಿಯ ಕಾಗದಪತ್ರ ಹಿಡಿದವರು, ದವಾಖಾನೆಗೆ ಹೊರಟವರು, ಕಾಲೇಜಿನ ಹುಡುಗರು, ಮದುವೆಯ ಜವಳಿಗೆಂದು ಹೊರಟ ಮನೆಮಂದಿ, ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಯವಿರುವುದೇ ಹೊರತು, ಆ ನಗರವನ್ನು ನೋಡುವುದಕ್ಕೆಂದೇ ಹೋಗುವವರು ವಿರಳ. ನೋಡಬೇಕೆಂಬ ಮನಸ್ಸುಳ್ಳವರೂ ಕೋಟೆಯನ್ನು, ಅದರೊಳಗಿನ ಕಮಲಬಸದಿಯನ್ನು ಕಂಡು, ಪೇಟೆಯಲ್ಲಿ ಕುಂದಾ ಕಟ್ಟಿಸಿಕೊಂಡು ಮರಳುವರು. ಆದರೆ ಮಹಾತ್ಮಾ ಗಾಂಧಿಯವರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಬಾರಿ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದ ಸ್ಥಳವು ಇದೇ ನಗರದ ತಿಳಕವಾಡಿಯಲ್ಲಿರುವುದನ್ನೂ, ಆ ಮಹನೀಯರು ಅದಾದ ಹದಿಮೂರನೆಯ ವರ್ಷ ನಮ್ಮ ನೆರೆಯ ಹುದಲಿಯಲ್ಲಿ ತಂಗಿದ್ದನ್ನೂ ನೆನೆದರೆ, ಈ ಹಾದಿಯಲ್ಲಿ ಒಂದು ದಿನವನ್ನು ದರ್ಶನಕ್ಕಾಗಿಯೇ ಮೀಸಲಿಡುವುದು ಉಚಿತವೆಂದು ನನಗೆ ತೋರುತ್ತದೆ.

ತಿಳಕವಾಡಿ ಎಂಬ ಹೆಸರೇ ಲೋಕಮಾನ್ಯ ತಿಲಕರನ್ನು ಸ್ಮರಿಸುತ್ತದೆ. 1916ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯಲ್ಲಿ ಕೂಡಿದ ಪ್ರಾಂತಿಕ ಪರಿಷತ್ತಿನ ಸಂದರ್ಭದಲ್ಲಿಯೇ ಅವರ ಹೋಮ್ ರೂಲ್ ಲೀಗು ಜನ್ಮ ತಾಳಿತು. ದಕ್ಷಿಣ ಆಫ್ರಿಕೆಯಿಂದ ಹಿಂದಿನ ವರ್ಷವಷ್ಟೆ ಸ್ವದೇಶಕ್ಕೆ ಮರಳಿದ್ದ ಗಾಂಧಿಯವರೂ ಆ ಪರಿಷತ್ತಿಗೆ ಬಂದಿದ್ದರು. ತಿಲಕರ ಅನುಯಾಯಿಯಾಗಿದ್ದ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ಗಾಂಧಿಯವರ ಮಾರ್ಗವನ್ನು ಹಿಡಿದು, ‘ಕರ್ನಾಟಕ ಸಿಂಹ’ರೆಂದು ಖ್ಯಾತರಾಗಿದ್ದುದಲ್ಲದೆ ‘ಖಾದಿ ಭಗೀರಥ’ರೂ ಆದರು. 1924ರಲ್ಲಿ ಕಾಂಗ್ರೆಸ್ಸನ್ನು ಬೆಳಗಾವಿಗೆ ಬರಮಾಡಿಕೊಂಡ ಸ್ವಾಗತ ಸಮಿತಿಯ ಅಧ್ಯಕ್ಷರು ಅವರೇ.

ಆ ಡಿಸೆಂಬರಿನಲ್ಲಿ ತಿಳಕವಾಡಿಯ ಬಯಲಿನಲ್ಲಿ ಒಂದು ನಗರವೇ ಎದ್ದು ನಿಂತಿತು. ಅದಕ್ಕೆ ವಿಜಯನಗರವೆಂದು ನಾಮಕರಣ ಮಾಡಿ, ಹಂಪೆಯ ವಿರೂಪಾಕ್ಷನ ಗೋಪುರವನ್ನು ಹೋಲುವ ಮಹಾದ್ವಾರವನ್ನು ನಿಲ್ಲಿಸಿ, ಪರಪ್ರಾಂತಗಳಿಂದ ಬರುವ ನಾಯಕರಿಗೆ ಕನ್ನಡಿಗರ ಗತವೈಭವವು ಪ್ರವೇಶದಲ್ಲಿಯೇ ಕಣ್ಣಿಗೆ ಬೀಳುವಂತೆ ಏರ್ಪಡಿಸಿದ್ದರು. ಮೋತಿಲಾಲ ನೆಹರೂ, ಜವಾಹರಲಾಲ, ಚಿತ್ತರಂಜನ ದಾಸ್, ಲಾಲಾ ಲಜಪತರಾಯ್, ಸರೋಜಿನಿ ನಾಯ್ಡು, ಅಲಿ ಸೋದರರು, ಮೌಲಾನಾ ಆಜಾದ್, ರಾಜಗೋಪಾಲಾಚಾರಿ ಮೊದಲಾದವರೆಲ್ಲ ಆ ಬಯಲಿನ ಧೂಳಿನಲ್ಲಿ ನಡೆದಾಡಿದರು. 26 ಮತ್ತು 27ರಂದು ಕೂಡಿದ ಅದು 39ನೆಯ ಅಧಿವೇಶನ. ಡಾ. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಸ್ವಯಂಸೇವಕರು ಶಿಬಿರದ ವ್ಯವಸ್ಥೆಯನ್ನು ಹೊತ್ತರೆ, ಬೆಳಗಾವಿಯ ನಂಟುಳ್ಳ ಕಾಕಾ ಕಾಲೇಲಕರರು ಶೌಚನೈರ್ಮಲ್ಯದ ಕೆಲಸಕ್ಕೆ ನಿಂತರು. ತಮಗಾಗಿ ಖಾದಿಯಿಂದ ಸಿಂಗರಿಸಿ ಕಟ್ಟಿದ ಕುಟೀರವೇ ಅತಿಯಾಯಿತೆಂದು ಗಾಂಧಿಯವರು ಆಕ್ಷೇಪಿಸಿದರೆಂದು ಹೇಳುವರು. ಪ್ರತಿನಿಧಿಗಳ ಶುಲ್ಕವು ಹತ್ತು ರೂಪಾಯಿಯಿಂದ ಒಂದಕ್ಕೆ ಇಳಿದದ್ದೂ ಅವರ ಸೂಚನೆಯಿಂದಲೇ.

ಆ ವಿಜಯನಗರದಲ್ಲಿ ಇಂದು ಉಳಿದಿರುವುದು ಒಂದು ಬಾವಿ. ಗೋಪುರವೂ ಮಂಟಪವೂ ಬಿಡಾರಗಳೂ ಉತ್ಸವ ಮುಗಿದೊಡನೆ ಬಿಚ್ಚಿಹೋದವು. ನೆಲದೊಳಗೆ ಇಳಿದದ್ದು ಮಾತ್ರ ನೂರು ವರ್ಷಗಳ ಮೇಲೂ ತನ್ನ ಸ್ಥಾನದಲ್ಲಿಯೇ ಇದೆ. ನೀರಿನ ಅಭಾವವಿದ್ದ ಆ ಪ್ರದೇಶದಲ್ಲಿ ಸಹಸ್ರಾರು ಜನರು ಕುಡಿಯುವುದಕ್ಕೂ ಮೀಯುವುದಕ್ಕೂ ಅಡಿಗೆಗೂ ಏನು ಮಾಡಬೇಕೆಂಬ ಚಿಂತೆಯಿಂದ ತೋಡಿಸಿದ ಈ ಬಾವಿಗೆ ಅಂದಿನವರು ‘ಪಂಪಾ ಸರೋವರ’ವೆಂಬ ಪುರಾಣದ ಹೆಸರಿಟ್ಟರು, ಊರಿನ ಜನರ ಬಾಯಲ್ಲಿ ಅದು ಕಾಂಗ್ರೆಸ್ ಬಾವಿಯೆಂದೇ ಉಳಿಯಿತು, ಪಕ್ಕದ ಹಾದಿ ಕಾಂಗ್ರೆಸ್ ರಸ್ತೆಯಾಯಿತು. ತೋಡಿಸಲು ತಗುಲಿದ ವೆಚ್ಚ 4,370 ರೂಪಾಯಿ 3 ಆಣೆ. ಆ ಮೂರು ಆಣೆಯನ್ನು ಬಿಡದೆ ಬರೆದಿಟ್ಟ ಕೈಯ ಬಗೆಗೆ ನನಗೆ ವಿಶೇಷವಾದ ಗೌರವವಿದೆ. ಸಾರ್ವಜನಿಕರ ಹಣವು ದೇವರ ಹುಂಡಿಯ ಹಣಕ್ಕೆ ಸಮಾನವೆಂದು ತಿಳಿದವನಲ್ಲದೆ ಅನ್ಯನು ಹಾಗೆ ಬರೆಯಲಾರನು. ಗಾಂಧಿಯವರ ಮೂರ್ತಿಗಳನ್ನು ನಾವು ಊರೂರಿನಲ್ಲಿ ಕಂಡಿರುವೆವು. ಅವರ ಕಾಲದ ಜನರ ಬಾಯಾರಿಕೆಯನ್ನು ನೀಗಿದ ಬಾವಿಯು ಸ್ಮಾರಕವಾಗಿ ನಿಂತ ಊರುಗಳು ಎಷ್ಟಿರುವುವು? ಬಂದವರು ಛಾಯಾಚಿತ್ರ ತೆಗೆದುಕೊಂಡು ಅವಸರದಿಂದ ಮುಂದೆ ಹೋಗದೆ, ಒಂದಿಷ್ಟು ಹೊತ್ತು ಅದರ ಕಟ್ಟೆಯ ಬಳಿ ನಿಂತು ಒಳಗೆ ಬಗ್ಗಿ ನೋಡಬೇಕು.

ಬಾವಿಯ ಪಕ್ಕದ ಸ್ಮಾರಕವಾದ ವೀರಸೌಧದಲ್ಲಿ ಅಧಿವೇಶನದ ಚಿತ್ರಗಳಿವೆ. ಚಿತ್ರಗಳು ಕಣ್ಣಿಗೆ ಕಾಣುವುದನ್ನಷ್ಟೆ ಹೇಳಬಲ್ಲವು. ಆ ದಿನದ ನಾದವನ್ನು ನಾವು ಕಲ್ಪಿಸಿಕೊಳ್ಳಬೇಕು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಎಂಬ ಗೀತವು ಮೊದಲು ಮೊಳಗಿದ್ದು ಆ ಸಭೆಯಲ್ಲಿ. ಕರ್ನಾಟಕ ಏಕೀಕರಣ ಪರಿಷತ್ತು ಮೊದಲು ಕೂಡಿದ್ದೂ ಅದೇ ಸಮಯದಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ. ಗಾಯಕಿಯರಲ್ಲಿ ಹನ್ನೊಂದು ವರ್ಷದ ಬಾಲಿಕೆಯೊಬ್ಬಳಿದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ಲೋಕಪ್ರಸಿದ್ಧರಾದ ಆಕೆ ವೃದ್ಧಾಪ್ಯದಲ್ಲಿಯೂ ಆ ದಿನವನ್ನು ಮರೆತಿರಲಿಲ್ಲ. ಹಾಡುವಾಗಿನ ಸಂತೋಷಕ್ಕಿಂತ, ಊಟದ ಬಳಿಕ ಎಂಜಲೆಲೆಗಳನ್ನು ಎತ್ತಲು ತನಗೆಲ್ಲಿ ಹೇಳುವರೋ ಎಂಬ ಭೀತಿಯೇ ಅವರ ನೆನಪಿನಲ್ಲಿ ಗಾಢವಾಗಿ ನಿಂತಿತ್ತು. ಅಸ್ಪೃಶ್ಯತೆಯ ನಿವಾರಣೆಯಿಲ್ಲದೆ ಸ್ವರಾಜ್ಯವಿಲ್ಲವೆಂದು ಸಾರುತ್ತಿದ್ದ ಅಧ್ಯಕ್ಷನ ಎದುರಿಗೇ, ಮಗುವೊಂದು ಆ ಭಯವನ್ನು ಎದೆಯಲ್ಲಿಟ್ಟುಕೊಂಡು ಹಾಡಿತು. ಆ ಗೀತವು ಮೊದಲು ಮೊಳಗಿದ ಗಳಿಗೆಯನ್ನು ಹೆಮ್ಮೆಯಿಂದ ಹೇಳುವ ನಾವು ಈ ಭೀತಿಯ ಸಂಗತಿಯನ್ನೂ ವೀರಸೌಧದ ಚಿತ್ರಗಳ ಜೊತೆಗೇ ಮಕ್ಕಳಿಗೆ ಹೇಳತಕ್ಕದ್ದು. ಹೇಳದಿದ್ದರೆ ಗಾಂಧಿಯವರು ಯಾತಕ್ಕಾಗಿ ಅಷ್ಟು ದುಡಿದರೆಂಬುದೇ ಅವರಿಗೆ ತಿಳಿಯದು.

ನಗರದಲ್ಲಿ ನೋಡತಕ್ಕವು ಇನ್ನೂ ಕೆಲವಿವೆ. ಅಧಿವೇಶನದ ಶತಮಾನೋತ್ಸವದ ಸಂದರ್ಭದಲ್ಲಿ ರಾಮತೀರ್ಥನಗರದಲ್ಲಿ ಗಂಗಾಧರರಾಯರ ಸ್ಮಾರಕಭವನ ತೆರೆಯಿತು. 2025ರ ಜನವರಿಯಲ್ಲಿ ಸುವರ್ಣ ವಿಧಾನಸೌಧದ ಮುಂದೆ ಗಾಂಧಿಯವರ ಪ್ರತಿಮೆ ಅನಾವರಣಗೊಂಡಿತು. ಎರಡೂ ದರ್ಶನೀಯವೇ. ಆದರೆ ದಿನವು ಚಿಕ್ಕದಾದರೆ ಪ್ರತಿಮೆಯನ್ನು ಬಿಟ್ಟಾದರೂ ಹುದಲಿಗೆ ಹೋಗಿರೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು.

ಅದಕ್ಕೆ ಕಾರಣವು ಬೆಳಗಾವಿಯ ಅಧಿವೇಶನದ ಒಂದು ನಿರ್ಣಯದಲ್ಲಿಯೇ ಅಡಗಿದೆ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2,000 ಗಜ ನೂಲನ್ನು ಒಪ್ಪಿಸಬೇಕು, ತಾನು ನೂಲಲಾರದವನು ಅನ್ಯರಿಂದ ನೂಲಿಸಿ ಕೊಡಬೇಕು ಎಂದು ಅಲ್ಲಿ ಗೊತ್ತುಪಡಿಸಿದರು. ದಿನಕ್ಕೆ ಸುಮಾರು 67 ಗಜ. ಬ್ಯಾರಿಸ್ಟರನಿಗೂ ಜಮೀನುದಾರನಿಗೂ ಒಂದೇ ಅಳತೆ. ಈ ನಿಯಮವು ವರ್ಷ ತುಂಬುವ ಮೊದಲೇ ಸಡಿಲಗೊಂಡಿತು. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಕೂಡಿದ ಕಾಂಗ್ರೆಸ್ ಸಮಿತಿಯು ನೂಲಿನ ಬದಲು ನಾಲ್ಕಾಣೆ ಕೊಟ್ಟರೂ ಸಾಕೆಂದಿತು. ಆಗಲೇ ಅಖಿಲ ಭಾರತ ಚರಕಾ ಸಂಘವು ಪ್ರತ್ಯೇಕವಾಗಿ ಸ್ಥಾಪಿತವಾಯಿತು. ಅಂಕಲಗಿಯವರಿಗೆ ಈ ನೂಲಿನ ಪ್ರಶ್ನೆಯು ದೂರದ ಮಾತಲ್ಲ. ನಮ್ಮ ಒಂದು ಮಗ್ಗುಲಿಗೆ ಗೋಕಾಕ ಜಲಪಾತವಿದೆ; ಅಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ಹತ್ತಿಯ ಗಿರಣಿ ನಡೆಯತೊಡಗಿ, ಸುತ್ತಣ ಹಳ್ಳಿಗಳ ಎಷ್ಟೋ ಮನೆಗಳಿಗೆ ಅನ್ನವಿಕ್ಕಿತು. ಇನ್ನೊಂದು ಮಗ್ಗುಲಿಗೆ ಹುದಲಿ. ಅಲ್ಲಿ ಅದೇ ಹತ್ತಿಯನ್ನು ಮನುಷ್ಯನ ಕೈಯೇ ನೂಲಾಗಿಸಿತು. ಗಿರಣಿಯ ಉಪಕಾರವನ್ನು ಮರೆಯದೆ ಕೈನೂಲಿನ ಅರ್ಥವನ್ನು ತಿಳಿಯಬಲ್ಲವರು ಈ ಎರಡರ ನಡುವೆ ಬಾಳಿದ ನಾವೇ.

1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನವು ಹುದಲಿಯಲ್ಲಿ ನೆರೆದಾಗ ಗಾಂಧಿಯವರು ಬೇಸಿಗೆಯ ಆ ಬಿಸಿಲಿನಲ್ಲಿ ಹಲವು ದಿನ ಅಲ್ಲಿ ವಾಸವಾಗಿದ್ದರು. ವಲ್ಲಭಭಾಯಿ ಪಟೇಲರೂ ರಾಜೇಂದ್ರಪ್ರಸಾದರೂ ಬಂದರು. ಬೆಳಗಾವಿಗೆ ಗಾಂಧಿಯವರು ಬಂದದ್ದು ಸಭೆಯ ಅಧ್ಯಕ್ಷರಾಗಿ. ಹುದಲಿಗೆ ಬಂದದ್ದು ಗ್ರಾಮಸೇವಕರ ನಡುವಿನ ಒಬ್ಬ ಸೇವಕರಾಗಿ. ದೇಸಗತಿಯ ಸಂಪನ್ನ ಮನೆತನದಲ್ಲಿ 1871ರಲ್ಲಿ ಜನಿಸಿದ ಗಂಗಾಧರರಾಯರು ಆ ಸಂಪತ್ತನ್ನು ದೇಶಕಾರ್ಯದಲ್ಲಿ ಕಳೆದುಕೊಂಡು ಖಾದಿಗಾಗಿಯೇ ಬಾಳಿದರು. ಊರಿನಲ್ಲಿ ಖಾದಿ ಉತ್ಪಾದಕರ ಸಹಕಾರಿ ಸಂಘವು ಸ್ವಾತಂತ್ರ್ಯಾನಂತರ ನೆಲೆಗೊಂಡು, ಸುತ್ತಲಿನ ಹೆಣ್ಣುಮಕ್ಕಳಿಗೆ ನೂಲುವ ಕೆಲಸವನ್ನು ಕೊಡುತ್ತ ಬಂದಿದೆ.

ನೂಲುವುದನ್ನು ಸಮೀಪದಿಂದ ಕಾಣದವರಿಗೆ ಅದು ಸುಲಭವೆಂದೇ ತೋರುವುದು. ಬಲಗೈ ರಾಟಿಯ ಹಿಡಿಯನ್ನು ಸಮವಾಗಿ ತಿರುಗಿಸುತ್ತಿರಬೇಕು. ಎಡಗೈಯ ಹೆಬ್ಬೆರಳೂ ತೋರುಬೆರಳೂ ಹಂಜಿಯನ್ನು ಹಗುರವಾಗಿ ಹಿಡಿದು, ಕದಿರಿನ ತುದಿಯಿಂದ ತೋಳಿನ ಉದ್ದಕ್ಕೂ ಹಿಂದಕ್ಕೆ ಎಳೆಯಬೇಕು. ಒತ್ತಿ ಹಿಡಿದರೆ ಎಳೆ ಹರಿಯುವುದು, ಸಡಿಲ ಬಿಟ್ಟರೆ ಗಂಟಾಗುವುದು. ಎಳೆಗೆ ಸಾಕಷ್ಟು ಹುರಿ ಬಿದ್ದ ಮೇಲೆ ಚಕ್ರವನ್ನು ತುಸು ಹಿಂದಕ್ಕೆ ತಿರುಗಿಸಿ, ನೂಲನ್ನು ಕದಿರಿಗೆ ಸುತ್ತಿ, ಮತ್ತೆ ಎಳೆಯಬೇಕು. ಹಲವು ಕದಿರುಗಳ ಅಂಬರ ಚರಕವು ಬಂದ ಮೇಲೆ ಕೆಲಸ ಹಗುರಾಯಿತಾದರೂ, ಹರಿದ ಎಳೆಯನ್ನು ಕೂಡಿಸುವ ಬೆರಳಿನ ಜಾಣ್ಮೆಯು ಇಂದಿಗೂ ಬೇಕು.

ಆದುದರಿಂದ ಅಂಕಲಗಿ, ಗೋಕಾಕ, ಹುಕ್ಕೇರಿ, ಮೂಡಲಗಿಗಳ ಶಾಲೆಗಳ ಗುರುಗಳಲ್ಲಿ ನನ್ನದೊಂದು ವಿಜ್ಞಾಪನೆ. ಮಕ್ಕಳನ್ನು ಬೆಳಗಾವಿಯ ಪ್ರವಾಸಕ್ಕೆ ಕರೆದೊಯ್ಯುವಾಗ ಬೆಳಗಿನ ತಂಪಿನಲ್ಲಿ ಮೊದಲು ಹುದಲಿಯಲ್ಲಿ ಇಳಿಯಿರಿ. ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದು, ಪ್ರತಿಯೊಂದು ಮಗುವೂ ಹಂಜಿಯನ್ನು ಕೈಯಲ್ಲಿ ಹಿಡಿದು ಒಂದು ತೋಳಿನಷ್ಟಾದರೂ ನೂಲನ್ನು ತೆಗೆಯಲು ಯತ್ನಿಸುವಂತೆ ನೋಡಿಕೊಳ್ಳಿರಿ. ಎಳೆ ಹರಿದರೆ ಹರಿಯಲಿ. ಆಮೇಲೆ ತಿಳಕವಾಡಿಗೆ ಹೋಗಿ, ಬಾವಿಯ ಬಳಿಯಲ್ಲಿ ಬುತ್ತಿ ಬಿಚ್ಚುವ ಮೊದಲು, 2,000 ಗಜದ ನಿರ್ಣಯವನ್ನೂ ಹಾಡಿದ ಬಾಲಿಕೆಯ ಸಂಗತಿಯನ್ನೂ ಅವರಿಗೆ ಹೇಳಿರಿ. ಕೋಟೆಗೂ ಕುಂದಾಕ್ಕೂ ಸಂಜೆಯವರೆಗೆ ಬೇಕಾದಷ್ಟು ಸಮಯ ಉಳಿಯುತ್ತದೆ.