ಹಸು ಮೇವು ಬಿಟ್ಟರೆ ಡಾಕ್ಟರು, ನೀವು ಊಟ ಬಿಟ್ಟರೆ?



ದೊಡ್ಡಬೆಳವಂಗಲದ ಕಡೆ ಹೋದಾಗಲೆಲ್ಲ ಬೆಳಿಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರನ್ನು ಒಂದು ಮಾತು ಕೇಳುತ್ತೇನೆ. "ಹಸು ಮೇವು ಬಿಟ್ಟರೆ ಎಷ್ಟು ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡ್ತೀರಿ?" ಎಲ್ಲರದೂ ಒಂದೇ ಉತ್ತರ: "ಒಂದು ಹೊತ್ತು ಬಿಟ್ಟರೂ ಸಾಕು, ಮಾಡ್ತೀವಿ." "ನೀವು ಊಟ ಬಿಟ್ಟರೆ?" ಅಂದರೆ ನಗು. ಆ ನಗುವಿನ ಹಿಂದೆ ಏನಿದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು.

ಹೋಬಳಿಯ ಒಂದು ಹಳ್ಳಿಯ ಸದಸ್ಯೆಯೊಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ ಅಂದಿದ್ದಾರೆ, ಆದರೆ "ನನ್ನ ಕಥೆ ಬರೀರಿ, ನಾಲ್ಕು ಜನಕ್ಕೆ ಉಪಯೋಗ ಆಗಲಿ" ಅಂದವರೂ ಅವರೇ. ಎರಡು ಸೀಮೆ ಹಸು, ಒಂದು ಕರು, ಮನೆ ಹಿಂದೆ ಹತ್ತು ಗುಂಟೆ ನೇಪಿಯರ್ ಹುಲ್ಲು. ಊಟ ಆದ ಮೇಲೆ ಹೊಟ್ಟೆಯ ಬಲಭಾಗದಲ್ಲಿ ಹಿಡಿದುಕೊಂಡಂತೆ ನೋವು, ಅದು ಬಲ ಭುಜದ ತನಕ ಎಳೆಯೋದು. ಒಂದು ವರ್ಷ ಅದನ್ನು "ಗ್ಯಾಸು" ಅಂತಲೇ ಕಳೆದರು. ಜೀರಿಗೆ ನೀರು, ಮೆಡಿಕಲ್ ಸ್ಟೋರಿನ ಮಾತ್ರೆ. ಸ್ಕ್ಯಾನಿಂಗ್ ಮಾಡಿಸಿ ಅಂತ ಆಶಾ ಕಾರ್ಯಕರ್ತೆ ಎರಡು ಸಲ ಹೇಳಿದ್ದರು. ಸ್ಕ್ಯಾನಿಂಗ್‌ಗೆ ದೊಡ್ಡಬಳ್ಳಾಪುರಕ್ಕೆ ಹೋದರೆ ಸಂಜೆ ಹಾಲು ಕರೆಯೋರು ಯಾರು? ಗಂಡ ಕೈ ಹಾಕಿದರೆ ಆ ಹಸು ಒದೆಯುತ್ತೆ. ಇದೊಂದೇ ಕಾರಣಕ್ಕೆ ಸ್ಕ್ಯಾನಿಂಗ್ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು.

ಒಂದು ರಾತ್ರಿ ನೋವು ತಡೆಯಲಾಗದೆ ವಾಂತಿ, ಜ್ವರ. ಸಿಕ್ಕ ಕಾರಿನಲ್ಲಿ ಸಿಕ್ಕ ಆಸ್ಪತ್ರೆಗೆ ಹೋದರು. ಪಿತ್ತಕೋಶದಲ್ಲಿ ಕಲ್ಲು, ಕೀವು ತುಂಬಿದೆ, ಆಪರೇಷನ್ ಮಾಡಲೇಬೇಕು ಅಂದರು. ಯಶಸ್ವಿನಿ ಕಾರ್ಡ್ ಇರಲಿಲ್ಲ. ಆ ವರ್ಷ ಕಾರ್ಯದರ್ಶಿ ಕೇಳಿದಾಗ "ನಮಗೇನು ಕಾಯಿಲೆ" ಅಂತ ಮನೆಯವರು ಕಟ್ಟಿರಲಿಲ್ಲ. ಬಿಪಿಎಲ್ ಕಾರ್ಡೇನೋ ಇತ್ತು, ಆದರೆ ಆ ಆಸ್ಪತ್ರೆ ಯಾವ ಯೋಜನೆಯ ಪಟ್ಟಿಯಲ್ಲೂ ಇರಲಿಲ್ಲ. ಬಿಲ್ಲು ಕಟ್ಟಲು ಮಾರಿದ್ದು ಎರಡನೇ ಸೂಲಿನ ಹಸುವನ್ನು. ಕರು ಹಾಕಿ ಎರಡು ತಿಂಗಳು, ದಿನಕ್ಕೆ ಹದಿನಾಲ್ಕು ಲೀಟರ್ ಕೊಡುತ್ತಿದ್ದ ಹಸು. ಅವಸರದ ಮಾರಾಟ, ಬೆಲೆಯೂ ಬರಲಿಲ್ಲ. ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಅರ್ಧಕ್ಕೆ ಇಳಿದ ಬಟವಾಡೆ ಮೇಲೇರಲು ಎರಡು ವರ್ಷ ಬೇಕಾಯಿತು.

ಹೀಗೆ ಆಗಬಾರದು ಅಂತಲೇ ಯಶಸ್ವಿನಿ ಹುಟ್ಟಿದ್ದು. ಅದು ಸಹಕಾರ ಸಂಘಗಳ ಸದಸ್ಯರಿಗಾಗಿಯೇ, ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಯೋಜನೆ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಆಲೋಚನೆಯನ್ನು ಸಹಕಾರ ಇಲಾಖೆ ಕೈಗೆತ್ತಿಕೊಂಡಿತು. 2002ರ ನವೆಂಬರ್‌ನಲ್ಲಿ ಉದ್ಘಾಟನೆ, 2003ರ ಜೂನ್‌ನಿಂದ ಚಿಕಿತ್ಸೆ ಶುರು. ಆಗ ಒಬ್ಬರಿಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಣ ಕಟ್ಟಿಸಿಕೊಳ್ಳಲು ಹೊಸ ಕಚೇರಿ ತೆರೆಯಬೇಕಾಗಿರಲಿಲ್ಲ, ಹಳ್ಳಿ ಹಳ್ಳಿಯಲ್ಲಿ ಸಹಕಾರ ಸಂಘ ಇತ್ತು. ನಿಮ್ಮ ಡೈರಿಯ ಪುಸ್ತಕದಲ್ಲಿ ನಿಮ್ಮ ಹೆಸರು ಇತ್ತು, ಅದೇ ಸಾಕಾಯಿತು. ಐದು ರೂಪಾಯಿಗೆ ಆಪರೇಷನ್ನೇ ಅಂತ ಆಗ ನಂಬದವರೂ ಇದ್ದರು. ದೇಶ ವಿದೇಶದವರು ಇದನ್ನು ನೋಡಲು ಬಂದರು ಅನ್ನುವುದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ನಿಲ್ಲಿಸಲಾಯಿತು. ಸಹಕಾರಿಗಳು ಪಟ್ಟು ಬಿಡದೆ ಕೇಳಿದರು. 2022ರ ನವೆಂಬರ್ 1ರಿಂದ ಮತ್ತೆ ನೋಂದಣಿ, 2023ರ ಜನವರಿ 1ರಿಂದ ಮತ್ತೆ ಚಿಕಿತ್ಸೆ ಶುರುವಾಯಿತು. ಮರುಜಾರಿಯಾದಾಗ ಗೊತ್ತುಮಾಡಿದ ದರ ಹೀಗಿದೆ: ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ, ಜನರಲ್ ವಾರ್ಡಿನಲ್ಲಿ. ಈ ಸಾಲಿನ ದರ, ಕೊನೆಯ ದಿನಾಂಕ ಎರಡನ್ನೂ ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿಕೊಳ್ಳಿ.

ಲೀಟರಿಗೆ 35 ರೂಪಾಯಿ ಅಂತ ಇಟ್ಟುಕೊಂಡರೆ 500 ರೂಪಾಯಿ ಅಂದರೆ ಹದಿನಾಲ್ಕೂವರೆ ಲೀಟರ್ ಹಾಲೂ ಆಗುವುದಿಲ್ಲ. ಆ ಅಕ್ಕ ಮಾರಿದ ಹಸು ಒಂದು ದಿನಕ್ಕೆ ಕೊಡುತ್ತಿದ್ದಷ್ಟೇ ಹಾಲು. ಈ ಲೆಕ್ಕ ನಾನು ಹೇಳಿದಾಗ ಅವರು ಏನೂ ಮಾತಾಡಲಿಲ್ಲ, ಬಕೆಟ್ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಹೇಳಬಾರದಿತ್ತೇನೋ ಅಂತ ಆಮೇಲೆ ಅನ್ನಿಸಿತು.

ಕಾರ್ಡ್ ಇದ್ದರಷ್ಟೇ ಸಾಲದು. ಹೋಗುವ ಆಸ್ಪತ್ರೆ ಯಶಸ್ವಿನಿ ಪಟ್ಟಿಯಲ್ಲಿ ಇರಬೇಕು, ದಾಖಲಾಗುವಾಗಲೇ ಕಾರ್ಡ್ ತೋರಿಸಬೇಕು, ಆಸ್ಪತ್ರೆಯವರು ಮೊದಲೇ ಮಂಜೂರಾತಿ ತರಿಸಿಕೊಳ್ಳಬೇಕು. ಪಟ್ಟಿಯಲ್ಲಿಲ್ಲದ ಕಡೆ ಹಣ ಕಟ್ಟಿ, ಆಮೇಲೆ ರಸೀದಿ ಹಿಡಿದು ಸಂಘಕ್ಕೆ ಬಂದರೆ ಪ್ರಯೋಜನ ಇಲ್ಲ. ಆದ್ದರಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ನೆಲಮಂಗಲ, ಯಲಹಂಕ, ನಿಮಗೆ ಯಾವ ಕಡೆ ಹತ್ತಿರವೋ ಆ ಕಡೆ ಪಟ್ಟಿಯಲ್ಲಿರುವ ಎರಡು ಆಸ್ಪತ್ರೆಗಳ ಹೆಸರು ಈಗಲೇ ಕೇಳಿ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ರಾತ್ರಿ ಹನ್ನೆರಡು ಗಂಟೆಗೆ ಯಾರಿಗೂ ಪಟ್ಟಿ ಹುಡುಕುವ ಸಮಾಧಾನ ಇರುವುದಿಲ್ಲ. ಬಿಪಿಎಲ್ ಕುಟುಂಬದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಇದೆ. ಅದಕ್ಕೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ಅವರಿಂದಲೇ ಚೀಟಿ ಬರೆಸಿಕೊಂಡು ಮುಂದೆ ಹೋಗಬೇಕು.

ಇನ್ನು ಸಂಜೆ ಹಾಲು ಕರೆಯೋದು ಯಾರು ಅನ್ನುವ ಪ್ರಶ್ನೆ. ಇದಕ್ಕೆ ಸರ್ಕಾರದ ಯೋಜನೆ ಯಾವುದೂ ಇಲ್ಲ, ಆದರೆ ನಮ್ಮ ಅಜ್ಜಿಯರ ಕಾಲದ ಒಂದು ಏರ್ಪಾಡು ಇದೆ: ಮುಯ್ಯಾಳು. ರಾಗಿ ಕಟಾವಿಗೆ, ಕಳೆ ತೆಗೆಯಲು ನೀವು ಈಗಲೂ ಮುಯ್ಯಿ ಮಾಡುತ್ತೀರಿ. ಹಾಲು ಕರೆಯಲೂ ಯಾಕಾಗಬಾರದು? ಮೂರು ಮನೆಯವರು ಮಾತಾಡಿಕೊಳ್ಳಿ. ಒಬ್ಬರು ಆಸ್ಪತ್ರೆಗೆ ಹೋದ ದಿನ ಇನ್ನೊಬ್ಬರು ಕರೆಯುವುದು. ಆದರೆ ಹಸುವಿಗೆ ಕೈ ರೂಢಿಯಾಗಬೇಕಲ್ಲ, ಅದಕ್ಕೆ ಕಾಯಿಲೆ ಇಲ್ಲದ ದಿನವೇ ತಿಂಗಳಿಗೆ ಒಂದೆರಡು ಸಲ ಅದಲು ಬದಲು ಕರೆಯಿರಿ. ನಮ್ಮ ಆ ಅಕ್ಕ ಈಗ ಪಕ್ಕದ ಮನೆಯವರ ಜೊತೆ ಹೀಗೇ ಮಾಡಿಕೊಂಡಿದ್ದಾರೆ. ಬಸ್ ಚಾರ್ಜಿನ ಚಿಂತೆಯಂತೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ನೋಡಿಸಿ. ಬಾಯಿ, ಸ್ತನ, ಗರ್ಭಕೋಶದ ಕೊರಳಿನ ತಪಾಸಣೆಯನ್ನೂ ನಾಚಿಕೆ ಇಲ್ಲದೆ ಕೇಳಿ, ಅದೂ ಅವರ ಕೆಲಸವೇ.

ರಕ್ತಹೀನತೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಾಲಿನ ಮನೆಯವರು ಇಲ್ಲಿ ಒಂದು ತಪ್ಪು ಮಾಡುತ್ತೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48 ಜನರಿಗೆ ರಕ್ತಹೀನತೆ ಇದೆ. ಡೈರಿ ಮುಂದೆ ಹತ್ತು ಜನ ನಿಂತಿದ್ದರೆ ಅದರಲ್ಲಿ ಸುಮಾರು ಐದು ಜನ. ಹುಲ್ಲಿನ ಹೊರೆ ಎತ್ತಿದರೆ ಎದೆ ಬಡಿದುಕೊಳ್ಳುವುದು, ಕೂತು ಎದ್ದರೆ ಕಣ್ಣು ಕತ್ತಲೆ ಬರುವುದು, ಇದನ್ನು "ವಯಸ್ಸಾಯ್ತು" ಅಂತ ಬಿಡಬೇಡಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಬಸುರಿಯಾದರೆ 11ಕ್ಕಿಂತ ಕಡಿಮೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಒಳ್ಳೆಯದಾಗಲಿ ಅಂತ ಹಾಲಿನ ಜೊತೆ ನುಂಗುವವರು ಬಹಳ. ಹಾಲಿನ ಸುಣ್ಣದಂಶ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ, ಟೀ ಜೊತೆಗೂ ಅಷ್ಟೇ. ಊಟ ಆಗಿ ಒಂದೆರಡು ಗಂಟೆ ಬಿಟ್ಟು ನೀರಿನಲ್ಲಿ, ಆದರೆ ನಿಂಬೆ ಶರಬತ್ತಿನಲ್ಲಿ ನುಂಗಿ. ಸೊಪ್ಪಿನ ಬಸ್ಸಾರಿಗೆ ನಿಂಬೆಹುಳಿ ಹಿಂಡಿಕೊಳ್ಳಿ. ಹಾಲು ಕುಡಿಯಬೇಡಿ ಅಂತಲ್ಲ, ಖಂಡಿತ ಕುಡಿಯಿರಿ, ಬೇರೆ ಹೊತ್ತಿನಲ್ಲಿ. ಇದ್ದ ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯಲ್ಲಿ ಕರಿ ಕಾಫಿ ಕುಡಿಯುವ ಮನೆಗಳನ್ನೂ ನೋಡಿದ್ದೇನೆ, ಅದು ನಮ್ಮ ಒಕ್ಕೂಟಕ್ಕೆ ಒಳ್ಳೆಯ ಹೆಸರಲ್ಲ.

ಕೊಟ್ಟಿಗೆಯಿಂದಲೇ ನಿಮಗೆ ಬರುವ ಕಾಯಿಲೆಯೂ ಇದೆ. ಹಸು ಏಳೆಂಟು ತಿಂಗಳಿಗೆ ಕಂದು ಹಾಕಿತು, ಕಸ ಬೀಳಲಿಲ್ಲ. ಇಂಥ ಹೊತ್ತಿನಲ್ಲಿ ಬರಿಗೈ ಹಾಕಬೇಡಿ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಆಗಿದ್ದರೆ ಕೈಯ ಸಣ್ಣ ಗಾಯದಲ್ಲೇ ರೋಗಾಣು ಒಳಗೆ ಹೋಗುತ್ತದೆ. ಬಂದು ಹೋಗಿ ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು. ಟೈಫಾಯಿಡ್, ಮಲೇರಿಯಾ ಅಂತ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಡಾಕ್ಟರ ಹತ್ತಿರ "ನಮ್ಮ ಮನೇಲಿ ಹಸು ಇದೆ, ಕಂದು ಹಾಕಿತ್ತು" ಅನ್ನುವ ಒಂದು ಮಾತು ಹೇಳಿ, ಸರಿಯಾದ ಪರೀಕ್ಷೆ ಬರೆಯುತ್ತಾರೆ. ಔಷಧಿ ವಾರಗಟ್ಟಲೆ ತೆಗೆದುಕೊಳ್ಳಬೇಕು, ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬಾರದು. ಬಿದ್ದ ಕಂದು, ಕಸವನ್ನು ತಿಪ್ಪೆಗೆ ಎಸೆದರೆ ನಾಯಿ ಊರೆಲ್ಲ ಎಳೆದಾಡುತ್ತದೆ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಒಂದು ಸಲ ಲಸಿಕೆ, ಜೀವನಕ್ಕೆಲ್ಲ ಅದೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಕಾಯಿಸದ ಹಾಲನ್ನು ಮಕ್ಕಳಿಗೆ ಕೊಡಬೇಡಿ, ನೊರೆಹಾಲು ಶಕ್ತಿ ಅಂತ ಅಜ್ಜಿ ಹೇಳಿದರೂ ಸರಿ.

ಈಗ ಆ ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ಪಿಯುಸಿ ಮುಗಿಸಿದ ಹುಡುಗಿ. ಗಾರ್ಮೆಂಟ್ಸ್ ಬಸ್ಸು ಊರ ಮುಂದೆಯೇ ಬರುತ್ತದೆ, ಓರಗೆಯವರೆಲ್ಲ ಹತ್ತುತ್ತಾರೆ. ಅಮ್ಮ ಮಲಗಿದ್ದ ಆ ತಿಂಗಳು ಉಳಿದ ಒಂದು ಹಸುವನ್ನು ನೋಡಿಕೊಂಡವಳು ಅವಳೇ. ಮನೆಯಲ್ಲೇ ಏನಾದರೂ ಮಾಡೋಣ ಅಂತ ಮೊದಲು ತುಪ್ಪಕ್ಕೆ ಕೈ ಹಾಕಿದಳು. ಇಲ್ಲಿ ನಾನು ನೇರವಾಗಿ ಹೇಳಿಬಿಡುತ್ತೇನೆ, ಸೀಮೆ ಹಸುವಿನ ಹಾಲಿನಲ್ಲಿ ತುಪ್ಪದ ವ್ಯಾಪಾರ ಸುಲಭಕ್ಕೆ ಗಿಟ್ಟುವುದಿಲ್ಲ. ಮೂರೂವರೆ ಫ್ಯಾಟಿನ ಹಾಲಾದರೆ ಒಂದು ಕೆಜಿ ತುಪ್ಪಕ್ಕೆ ಇಪ್ಪತ್ತೆಂಟು, ಮೂವತ್ತು ಲೀಟರ್ ಬೇಕು. ಅದೇ ಹಾಲನ್ನು ಡೈರಿಗೆ ಹಾಕಿದ್ದರೆ ಸಾವಿರ ರೂಪಾಯಿಯ ಹತ್ತಿರ ಬರುತ್ತಿತ್ತು, ಮೇಲೆ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೇರೆ. ಮಜ್ಜಿಗೆಯನ್ನೂ ಮಾರದಿದ್ದರೆ ನಷ್ಟವೇ. ಪೇಡ ಪರವಾಗಿಲ್ಲ. ಐದೂವರೆ ಲೀಟರ್ ಕಾಸಿದರೆ ಒಂದು ಕೆಜಿಯಷ್ಟು ಖೋವಾ, ಸಕ್ಕರೆ ಸೇರಿ ತೂಕ ಇನ್ನಷ್ಟು ಏರುತ್ತದೆ, ಆದರೆ ಒಲೆ ಮುಂದೆ ಕೈ ಬಿಡದೆ ತಿರುವಬೇಕು, ಗ್ಯಾಸಿನ ಲೆಕ್ಕವನ್ನೂ ಹಾಕಬೇಕು. ಹುಡುಗಿ ಕೊನೆಗೆ ನಿಂತಿದ್ದು ರಾಗಿ ಹುರಿಹಿಟ್ಟು ಮತ್ತು ಎರೆಗೊಬ್ಬರದಲ್ಲಿ. ಹಾಲು ಹಾಲಾಗಿಯೇ ಡೈರಿಗೆ ಹೋಗುತ್ತದೆ, ಸಗಣಿ ಗೊಬ್ಬರವಾಗುತ್ತದೆ, ರಾಗಿ ಮನೆಯದೇ. ಬುದ್ಧಿವಂತೆ.

ತಿಂಡಿ ತಿನಿಸು ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಸಣ್ಣ ಘಟಕಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಯಂತ್ರ ಕೊಳ್ಳಲು ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ (ಪಿಎಂಎಫ್‌ಎಂಇ) ಯೋಜನೆಯ 35, ರಾಜ್ಯದ ಹೆಚ್ಚುವರಿ 15 ಸೇರಿ ನೂರಕ್ಕೆ 50ರಷ್ಟು ಸಹಾಯಧನವಿದೆ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಸಾಲವೂ ಇದೆ. ಮಾಹಿತಿಗೆ ಕೃಷಿ ಇಲಾಖೆ, ಅಂಗನವಾಡಿ ಮೇಲ್ವಿಚಾರಕಿಯವರನ್ನು ಕೇಳಿ. ದಲ್ಲಾಳಿಗೆ ದುಡ್ಡು ಕೊಡಬೇಡಿ. ಓದಿದ ಮಕ್ಕಳಿಗೆ ಸಂಜೀವಿನಿ ಒಕ್ಕೂಟದ ಪಶುಸಖಿ ಕೆಲಸ, ಮೂರು ತಿಂಗಳ ಕೃತಕ ಗರ್ಭಧಾರಣೆ ತರಬೇತಿ, ಇವೂ ದಾರಿಗಳೇ. ಗರ್ಭಧಾರಣೆ ಗಂಡಸರ ಕೆಲಸ ಅನ್ನುವವರಿಗೆ, ಹಸು ಬೆದೆಗೆ ಬಂದದ್ದನ್ನು ಮನೆಯಲ್ಲಿ ಮೊದಲು ಕಂಡುಹಿಡಿಯುವವರು ಯಾರು ಅಂತ ಕೇಳಿ ನೋಡಿ.

ದೂರದ ಹೈಟಿ ದೇಶದಲ್ಲೂ ಒಂದೆರಡು ಹಸು ಸಾಕುವ ನಮ್ಮಂಥವರೇ ಇದ್ದಾರೆ. ಬಡ ದೇಶ, ಕರೆಂಟು ಸರಿಯಿಲ್ಲ. ಹಳ್ಳಿಯಲ್ಲಿ ಹಾಲು ಒಡೆದು ಹೋಗುತ್ತಿದ್ದರೆ ಪಟ್ಟಣಕ್ಕೆ ಹೊರದೇಶದ ಹಾಲಿನ ಪುಡಿ ಬರುತ್ತಿತ್ತು. ಅಲ್ಲಿನ ವೆಟೆರಿಮೆಡ್ ಎಂಬ ಸಂಸ್ಥೆ ಸಣ್ಣ ಸಣ್ಣ ಡೈರಿಗಳನ್ನು ಕಟ್ಟಿಸಿ, ಹಾಲನ್ನು ಬಾಟಲಿಯಲ್ಲೇ ಕಾಯಿಸಿ ಫ್ರಿಜ್ ಇಲ್ಲದೆ ಇಡುವ ಹಾಗೆ ಮಾಡಿ, "ಲೆತ್ ಅಗೋಗೊ", ಅಂದರೆ ಧಾರಾಳ ಹಾಲು, ಎಂಬ ಹೆಸರಿನಲ್ಲಿ ಮಾರಿತು, ಶಾಲೆಗಳಿಗೂ ಕೊಟ್ಟಿತು. 2005ರಲ್ಲಿ ಅದಕ್ಕೆ ಲ್ಯಾಟಿನ್ ಅಮೆರಿಕದ ದೊಡ್ಡ ಬಹುಮಾನ ಬಂತು. ನಮ್ಮಲ್ಲಿ 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳು ಕುಡಿಯುತ್ತಿರುವುದು ನಾವೇ ಹಾಕಿದ ಹಾಲಿನ ಪುಡಿ. ಅದೇ ಹೈಟಿಯಲ್ಲಿ ಝನ್ಮಿ ಲಸಾಂತೆ ಎಂಬ ಆರೋಗ್ಯ ಸಂಸ್ಥೆ ಊರಿನವರನ್ನೇ ತರಬೇತು ಮಾಡಿ, ಕ್ಷಯ ರೋಗಿಗಳ ಮನೆಗೆ ದಿನಾ ಹೋಗಿ ಮಾತ್ರೆ ನುಂಗಿಸುವ ಕೆಲಸ ಕೊಟ್ಟಿತು, ಸಂಬಳವನ್ನೂ ಕೊಟ್ಟಿತು. ನಮ್ಮ ಆಶಾ ಕಾರ್ಯಕರ್ತೆಯರು ಕೇಳುತ್ತಿರುವುದೂ ಅದನ್ನೇ.

ಸಂಘದ ಪುಸ್ತಕದಲ್ಲಿ ಸದಸ್ಯತ್ವ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಹಾಲು ಕರೆಯುವವರು ನೀವು, ಷೇರು ಯಜಮಾನರದು ಅಂತಾಗಿದ್ದರೆ ಷೇರಿನ ಹಣ ಕಟ್ಟಿ ನೀವೂ ಸದಸ್ಯರಾಗಲು ಅರ್ಜಿ ಕೊಡಿ. ಬೈಲಾದಲ್ಲಿ ಹೇಳಿದಷ್ಟು ದಿನ, ಹೇಳಿದಷ್ಟು ಲೀಟರ್ ಹಾಲು ಹಾಕಿದರೆ ಓಟೂ ಸಿಗುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಸದಸ್ಯರ ಯಶಸ್ವಿನಿ ವಂತಿಗೆಯಲ್ಲಿ ಸ್ವಲ್ಪ ಭಾಗವನ್ನು ಸಂಘದ ಲಾಭದಿಂದ ಕಟ್ಟಲು ಸಾಧ್ಯವೇ ಅಂತ ಎದ್ದು ನಿಂತು ಕೇಳಿ. ಹಿಂದಿನ ಸಾಲಿನಲ್ಲಿ ಕೂತು ಪಕ್ಕದವರ ಕಿವಿಯಲ್ಲಿ ಹೇಳಿದರೆ ನಡಾವಳಿ ಪುಸ್ತಕಕ್ಕೆ ಬರುವುದಿಲ್ಲ.

ಆ ಅಕ್ಕ ಮಾರಿದ ಹಸುವಿನ ಕರು ಮನೆಯಲ್ಲೇ ಉಳಿದಿತ್ತು. ಹೋದ ತಿಂಗಳು ಅದು ಮೊದಲ ಸೂಲು ಈದಿದೆ, ಹೆಣ್ಣು ಕರು. ನಾನು ಹೋದಾಗ ಗಿಣ್ಣು ಕಾಸಿ ಕೊಟ್ಟರು. ಗೋಡೆಯ ಕ್ಯಾಲೆಂಡರಿನ ಹಿಂದೆ ಎರಡು ಆಸ್ಪತ್ರೆಗಳ ಹೆಸರಿತ್ತು, ಅದರ ಕೆಳಗೆ ಮಗಳ ಅಕ್ಷರದಲ್ಲಿ ಕರುವಿನ ಲಸಿಕೆಯ ತಾರೀಖು.