ಹೀರೋ ನಗುವಿಗೆ ಪ್ಲಾಸ್ಟಿಕ್ ಅಚ್ಚು: ಯಾವುದನ್ನು ನಂಬೋಣ?

ದಿಬ್ಬೂರಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿನಿಮಾ ಪತ್ರಿಕೆ ಕೊಳ್ಳೋ ಹುಡುಗರು ಈಗ ನನ್ನನ್ನು ಕೇಳೋದು ಹೀರೋ ಹೇರ್ ಸ್ಟೈಲ್ ಬಗ್ಗೆ ಅಲ್ಲ. "ಅಣ್ಣಾ, ಹಲ್ಲಿಗೆ ತಂತಿ ಬದಲು ಕಾಣದ ಅಚ್ಚು ಹಾಕ್ತಾರಂತಲ್ಲ, ಯಾವ ಕಂಪನಿದು ಒಳ್ಳೇದು?" ಅಂತಾರೆ. ಫೋಟೋ ತೆಗೆಯುವಾಗ ಬಾಯಿ ಮುಚ್ಚಿ ನಿಲ್ಲುವವನ ಸಂಕಟ ಸಣ್ಣದಲ್ಲ. ಆದರೆ ರೇಷ್ಮೆಗೂಡು ಮಾರಿದ ದುಡ್ಡು ಸುರಿಯುವ ಮೊದಲು ಒಂದಿಷ್ಟು ತಿಳಿದಿರಲಿ!

ಗುಟ್ಟು ಇಷ್ಟೇ

ಬಾಯಿಯ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ಹಲ್ಲು ಸರಿಸಿ ನೋಡಿ, ಸಾಲಾಗಿ ಅಚ್ಚು ಮಾಡ್ತಾರೆ. ಒಂದು ಅಚ್ಚು ಹಲ್ಲನ್ನು ಸರಿಸೋದು ಸುಮಾರು 0.25 ಮಿ.ಮೀ. ಮಾತ್ರ. 3 ಮಿ.ಮೀ. ಸರಿಯಲು ಕನಿಷ್ಠ 12 ಅಚ್ಚು. ಎರಡು ವಾರಕ್ಕೊಂದು ಬದಲಾಯಿಸಿದರೆ ಆರು ತಿಂಗಳು. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ಊಟಕ್ಕೂ ಕಾಫಿಗೂ ತೆಗೆಯಬೇಕು. ಜೇಬಲ್ಲಿ ಇಟ್ಟುಕೊಂಡು ತಿರುಗಿದರೆ ಹಲ್ಲು ಸರಿಯೋದಿಲ್ಲ ಸ್ವಾಮಿ!

ಯಾರು ಹೇಗೆ?

1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕಂಪನಿಯ ಇನ್‌ವಿಸಲೈನ್ ಈ ಆಟದ ಹಿರಿಯಣ್ಣ. 2006ರಲ್ಲಿ ಬಂದ ಕ್ಲಿಯರ್‌ಕರೆಕ್ಟ್‌ನ ಅಂಚು ಒಸಡಿನ ಮೇಲೂ ಸ್ವಲ್ಪ ಹಬ್ಬುತ್ತೆ, ಹಿಡಿತ ಬಿಗಿ. ಎರಡೂ ಡಾಕ್ಟರ ಕೈಯಲ್ಲಿ ನಡೆಯುವಂಥವು. ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಮಾತ್ರ ಕಡಿಮೆ ದುಡ್ಡಿಗೆ ಅಚ್ಚನ್ನು ನೇರ ಮನೆಗೇ ಕಳಿಸ್ತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಅರ್ಧ ಸರಿದ ಹಲ್ಲಿನೊಂದಿಗೆ ಜನ ನಡುನೀರಲ್ಲಿ! ಹಾಗಾಗಿ ನನ್ನ ಲೆಕ್ಕದಲ್ಲಿ ಕಂಪನಿಗಿಂತ ಡಾಕ್ಟರು ಮುಖ್ಯ.

ನಮ್ಮ ಕಡೆಯವರಿಗೆ ಕಿವಿಮಾತು

ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದ ಬಂದ ಕಂದು ಕಲೆ ಅಚ್ಚಿನಿಂದ ಹೋಗೋದಿಲ್ಲ. ಅಚ್ಚಿಗೆ ಹಿಡಿತ ಕೊಡಲು ಹಲ್ಲಿಗೆ ಅಂಟಿಸುವ ಸಣ್ಣ ಗುಂಡಿಗಳೂ ಅಂಥ ಹಲ್ಲಿನ ಮೇಲೆ ಸರಿಯಾಗಿ ನಿಲ್ಲದಿರಬಹುದು. ಹುಳುಕು, ಒಸಡಿನ ರೋಗವಿದ್ದರೆ ಮೊದಲು ಅದು ವಾಸಿಯಾಗಲಿ. ಹಲ್ಲು ತೀರಾ ಸೊಟ್ಟಗಿದ್ದರೆ ಹಳೇ ತಂತಿಯೇ ಗಟ್ಟಿ ದಾರಿ. ನಾಚಿಕೆ ಯಾಕೆ? ಹಾಲಿವುಡ್ಡಿನ ಟಾಮ್ ಕ್ರೂಸ್ 2002ರಲ್ಲಿ, ನಲವತ್ತರ ವಯಸ್ಸಲ್ಲಿ, ಕ್ಲಿಪ್ ಹಾಕ್ಕೊಂಡೇ ಕ್ಯಾಮೆರಾ ಎದುರು ನಕ್ಕಿದ್ದ!

ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಹಲ್ಲು ನೇರ ಮಾಡುವ ವಿಭಾಗವೇ ಇದೆ. ಮುಂಗಡ ಕೊಡುವ ಮುನ್ನ ಯಾವ ಡಾಕ್ಟರನ್ನಾದರೂ ಮೂರು ಮಾತು ಕೇಳಿ: ಇದೇ ವಿಷಯದಲ್ಲಿ ಎಂ.ಡಿ.ಎಸ್. ಮಾಡಿದ್ದೀರಾ? ಒಟ್ಟು ಖರ್ಚೆಷ್ಟು? ಮುಗಿದ ಮೇಲೆ ಹಲ್ಲು ಹಿಂದೆ ಸರಿಯದಂತೆ ಹಾಕುವ ರಿಟೇನರ್ ಅದರಲ್ಲೇ ಸೇರಿದೆಯಾ? ಉತ್ತರ ನೇರವಾಗಿದ್ದರೆ ಹಲ್ಲೂ ನೇರವಾದೀತು!